ತುಟಿ ಸೇರಿಸದೆ ಎದ್ದು ಹೋದವರಿಗೆ

ಗರ್ಭದೊಳಗೆ ಮುಖ ಕಟ್ಟುವ ಹೊಣೆ ಹೊತ್ತ ಸಮಸ್ತ ಜೀವಕೋಶಗಳ ಸನ್ನಿಧಿಗೆ,

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ಭಾವಿಸಿ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು ಗೌರವಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಾರ್ಯವೈಖರಿಯನ್ನು ನನ್ನ ಮಗಳನ್ನು ನೋಡುತ್ತಿರುವ ಡಾಕ್ಟರಮ್ಮನವರ ಬಾಯಿಂದ ಕೇಳಿ ಬೆರಗಾಗಿದ್ದೇನೆ. ಮೀನಾಗಲಿ, ಕೋಳಿಯಾಗಲಿ, ಮನುಷ್ಯರಾಗಲಿ, ತಾವು ಭ್ರೂಣದ ಬೆನ್ನಿನ ಕಡೆ ಹುಟ್ಟಿ, ತಲೆಯನ್ನು ಎರಡೂ ಬದಿಯಿಂದ ಬಳಸಿಕೊಂಡು ಮುಂದಕ್ಕೆ ನಡೆದು ಬಂದು, ಉಬ್ಬುಗಳಾಗಿ ಬೆಳೆದು, ಉಬ್ಬಿಗೆ ಉಬ್ಬು ಸೇರಿಸಿ ಮೂಗು, ತುಟಿ, ದವಡೆ ಮಾಡುತ್ತೀರಂತೆ. ಅಳತೆ ತೆಗೆಯದೆ, ಗುಂಡುಸೂಜಿ ಚುಚ್ಚದೆ ಇಷ್ಟು ಕೆಲಸ ಮಾಡುವವರನ್ನು ನಾನಂತೂ ಕಂಡಿಲ್ಲ.

ಆದರೆ ನನ್ನ ಮಗಳ ಮೇಲ್ತುಟಿಯ ಎಡಭಾಗಕ್ಕೆ ಬರುವಾಗ ತಮಗೆ ಅದ್ಯಾವ ತುರ್ತು ಕೆಲಸ ಬಂದಿತೋ, ಎರಡು ಅಂಚುಗಳನ್ನು ಎದುರುಬದುರು ತಂದಿಟ್ಟು, ಸೇರಿಸದೆ ಹೊರಟುಹೋದಿರಿ. ನಾನು ಹೀಗೆ ಕಾಲರ್ ಜೋಡಿಸದೆ ಅಂಗಿ ಕೊಟ್ಟಿದ್ದರೆ ಗಿರಾಕಿಗಳು ಅಂಗಡಿಗೆ ಬೀಗ ಹಾಕಿಸುತ್ತಿದ್ದರು.

ಮಗು ಹುಟ್ಟಿದ ದಿನ ತಾವು ಕಟ್ಟಿಕೊಟ್ಟ ಮುಖವನ್ನು ತೊಟ್ಟಿಲ ಸುತ್ತ ನಿಂತ ಬಂಧುಗಳು ಆಸ್ತಿ ಪಾಲು ಮಾಡಿದಂತೆ ಹಂಚಿಕೊಂಡರು. ಮೂಗು ಮಾವನವರದು, ಹಣೆ ನಾದಿನಿಯದು, ಗಲ್ಲದ ಕುಳಿ ಗಂಡನದು. ಸೀಳಿದ ತುಟಿ ಮಾತ್ರ ಯಾರಿಗೂ ಬೇಡವಾಗಿ, ಸರ್ವಾನುಮತದಿಂದ ನನ್ನ ಪಾಲಿಗೆ ಬಂತು. "ಏಳು ತಿಂಗಳ ಬಸುರಿ, ಹೊಟ್ಟೆ ಮುಂದಿಟ್ಕೊಂಡು ಕತ್ತರಿ ಆಡಿಸ್ತಾ ಕೂತಿದ್ಲು, ಇನ್ನೇನಾಗತ್ತೆ" ಎಂದು ಅತ್ತೆಯವರು ತೀರ್ಪು ಕೊಟ್ಟರು. ಗಂಡ ಸೀಲಿಂಗ್ ಫ್ಯಾನ್ ನೋಡುತ್ತಾ ನಿಂತಿದ್ದರು.

ಡಾಕ್ಟರಮ್ಮನವರ ಪ್ರಕಾರ, ತಾವು ಎರಡನೇ ತಿಂಗಳು ಮುಗಿಯುವುದರೊಳಗೇ ತುಟಿಯ ಕೆಲಸ ಬಿಟ್ಟು ಎದ್ದಿದ್ದಿರಿ. ಆಗ ನಾನು ಬಸುರಿಯೆಂದು ಅತ್ತೆಯವರಿಗೆ ಗೊತ್ತೇ ಇರಲಿಲ್ಲ. ಆದ್ದರಿಂದ ತಮ್ಮಲ್ಲಿ ಯಾರಾದರೂ ಒಬ್ಬರು, ಎಷ್ಟೇ ಚಿಕ್ಕವರಾದರೂ ಅಡ್ಡಿಯಿಲ್ಲ, ನಮ್ಮ ಮನೆಗೆ ದಯಮಾಡಿಸಿ, ಅತ್ತೆಯವರ ಎದುರು ಕುಳಿತು, ತಪ್ಪು ತಮ್ಮದೇ ಹೊರತು ಕತ್ತರಿಯದಲ್ಲವೆಂದು ಹೇಳಿ ಹೋಗಬೇಕಾಗಿ ವಿನಂತಿ. ಡಾಕ್ಟರಮ್ಮ ಹೇಳಿದರೆ ಅತ್ತೆಯವರು ನಂಬುವುದಿಲ್ಲ. ಆಕೆಯೂ ಕತ್ತರಿ ಹಿಡಿಯುವ ಹೆಂಗಸೇ ತಾನೇ ಎನ್ನುತ್ತಾರೆ.

ಇಂದಿಗೂ ಕತ್ತರಿ ಕೆಳಗಿಡದ
ತಮ್ಮ ವಿಶ್ವಾಸಿ,
ಟೈಲರಮ್ಮ

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಡಾಕ್ಟರಮ್ಮನವರೇ ತುಟಿ ಹೊಲಿದು ಕೊಟ್ಟರು. ಅಂಚಿಗೆ ಅಂಚು ಕೂತಿದೆ, ನಾನೂ ಮೆಚ್ಚುವಂಥ ಕೈ. ಆದ್ದರಿಂದ ತಾವು ಬರುವ ತೊಂದರೆ ತೆಗೆದುಕೊಳ್ಳಬೇಕಿಲ್ಲ. ನಿನ್ನೆ ಮಗು ತುಟಿ ತುಂಬ ನಕ್ಕಾಗ ಅತ್ತೆಯವರು ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಿದ್ದರು: "ನೋಡಿ, ತುಟಿ ಥೇಟ್ ನಮ್ಮ ಕಡೇದೇ."