ಕುಸುಮ ಕಾಫಿ ಬಿಟ್ಟದ್ದು

ಶಿರಗುಪ್ಪಿಯ ಕುಸುಮ ಕಾಫಿ ಬಿಟ್ಟಳು. ಊರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಯಾಕೆಂದರೆ ಅವಳು ಕಾಫಿ ಕುಡಿಯುತ್ತಾಳೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ಊರ ಬಸದಿಗೆ ಚಾತುರ್ಮಾಸಕ್ಕೆಂದು ಜೈನ ಸನ್ಯಾಸಿನಿ ಮಾತಾಜಿಯೊಬ್ಬರು ಬಂದು ನೆಲೆಸಿದ್ದರು. ಅವರಿಗೆ ಆಹಾರ ಕೊಡಬೇಕೆಂದರೆ ಕೊಡುವವರು ಏನಾದರೊಂದನ್ನು ಬಿಡುವ ನೇಮ ತೊಗೊಳ್ಳಬೇಕು. ತೊಗೊಂಡ ನೇಮ ಮುರಿಯಲು ಎಲ್ಲರಿಗೂ ಹೆದರಿಕೆ. ಹಾಗಾಗಿ ಜನ ಬಹಳ ಯೋಚಿಸಿ ಬಿಡುತ್ತಾರೆ. ಪಕ್ಕದ ಮನೆಯ ರೂಪಾಲಿ ಹಲಸಿನ ಹಣ್ಣು ಬಿಟ್ಟಳು. ಶಿರಗುಪ್ಪಿಯ ಸುತ್ತ ಕಣ್ಣು ಹಾಯಿಸಿದಷ್ಟು ದೂರವೂ ಕಬ್ಬು. ಹಲಸಿನ ಮರ ಒಂದೂ ಇಲ್ಲ. ಕುಸುಮಳ ಗಂಡ ರಾವಸಾಹೇಬ ಹಾಗಲಕಾಯಿ ಬಿಟ್ಟ. ತಾಟಿನಲ್ಲಿ ಅದನ್ನು ಕಂಡರೆ ಎದ್ದು ಹೋಗುವ ಮನುಷ್ಯ. ಅತ್ತೆ ತಾರವ್ವ, ಬಾಯಲ್ಲಿ ಮೂರೇ ಹಲ್ಲು ಉಳಿದಿದ್ದ ಎಂಬತ್ತರ ಮುದುಕಿ, ಕಬ್ಬು ಸಿಗಿದು ತಿನ್ನುವುದನ್ನು ಬಿಟ್ಟಳು.

ಕುಸುಮ ಕುಂಬಳಕಾಯಿ ಬಿಡಬೇಕೆಂದುಕೊಂಡಿದ್ದಳು. ಬಾಯಿ ತೆರೆಯುವುದರೊಳಗೆ ತಾರವ್ವ ಹೇಳಿಬಿಟ್ಟಳು.

"ನಮ್ಮ ಕುಸುಮ ಕಾಫಿ ಬಿಡ್ತಾಳ್ರಿ ಮಾತಾಜಿ. ಪಿತ್ತ ಅಂತ ಚಹಾ ಸುದ್ದಾ ಬಿಟ್ಟಾಕಿ ಅಕಿ. ಆ ಕಾಫಿ ಕುಡದ್ರ ರಕ್ತ ಆರ್ತೈತಿ, ಎಲುಬು ಸವೀತಾವ."

"ಎದಿ ನಿಲ್ತೈತಂತ್ರಿ," ರೂಪಾಲಿ ಹಿಂದಿನಿಂದ ಸೇರಿಸಿದಳು. "ಮೊಬೈಲ್‌ದಾಗ ಬಂದೈತಿ."

ಮಾತಾಜಿ ಕುಸುಮಳ ಕಡೆ ನೋಡಿದರು. "ದೀಪಾವಳಿಯ ತನಕ. ಒಪ್ಪಿಗೆಯೇನಮ್ಮ?"

ನಲವತ್ತು ಹೆಂಗಸರು ತಿರುಗಿ ನೋಡುತ್ತಿದ್ದರು. ಮೂಗುದಾರ ಜಗ್ಗಿದ ಎತ್ತಿನ ಹಾಗೆ ಕುಸುಮಳ ತಲೆ ತಾನಾಗಿಯೇ ಕೆಳಗೆ ಬಾಗಿತು.

ಏಳು ವರ್ಷದ ಹಿಂದೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗ, ಹಾಸನದ ಒಂದು ಹೋಟೆಲಿನಲ್ಲಿ ಚಹಾ ತೀರಿದೆ ಎಂದು ಮಾಣಿ ಅವಳ ಮುಂದೆ ಕಾಫಿ ಇಟ್ಟಿದ್ದ. ಅಂದಿನಿಂದ ಹಿಡಿದ ಗುಟ್ಟು ಇದು. ಕಾಗವಾಡದ ಅಂಗಡಿಯಲ್ಲಿ ಶಾಂಪೂ ಸರದ ಪಕ್ಕದಲ್ಲೇ ಕಾಫಿ ಪಾಕೀಟಿನ ಸರವೂ ತೂಗುತ್ತದೆ. ಎರಡನ್ನೂ ಸುತ್ತಿ ಒಂದೇ ಚೀಲಕ್ಕೆ ಹಾಕಿದರೆ ಯಾರು ಕೇಳುತ್ತಾರೆ? ಮನೆಗೆ ತಂದು ಅಟ್ಟಣಿಗೆಯ ಮೇಲಿನ ಶೀಗೆಕಾಯಿ ಡಬ್ಬಿಯಲ್ಲಿ ಇಡುತ್ತಿದ್ದಳು. ಶಾಂಪೂ ಬಂದ ಮೇಲೆ ಆ ಡಬ್ಬಿಯ ನೆನಪು ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಅತ್ತೆಗೆ ನಿದ್ದೆ ಹತ್ತುತ್ತದೆ. ಗಂಡ ಹೊಲದಲ್ಲಿರುತ್ತಾನೆ. ಕುಸುಮ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಒಂದು ಲೋಟ ಕಲಸಿಕೊಂಡು, ಕಿಟಕಿಯ ಹತ್ತಿರ ನೆಲದ ಮೇಲೆ ಕೂಡುತ್ತಾಳೆ. ವಾಸನೆ ಹೋಗಲೆಂದು ಆಮೇಲೆ ಒಂದು ಊದಿನಕಡ್ಡಿ ಹಚ್ಚುತ್ತಾಳೆ. ಊದಿನಕಡ್ಡಿಯ ಪರಿಮಳ ಹಿಡಿದ ನೆರೆಯವರು ಅವಳು ದಿನವೂ ಜಪ ಮಾಡುತ್ತಾಳೆಂದು ತಿಳಿದಿದ್ದರು. ಆ ಮನೆಯಲ್ಲಿ ಸೆರಗಿನ ಗಂಟಿನಿಂದ ಹಿಡಿದು ತಲೆದಿಂಬಿನವರೆಗೆ ಎಲ್ಲವೂ ಎಲ್ಲರದೂ ಆಗಿತ್ತು. ಎರಡೂವರೆಯಿಂದ ಎರಡೂ ಮುಕ್ಕಾಲರವರೆಗೆ ಮಾತ್ರ ಕುಸುಮಳದು. ಮೊದಮೊದಲು ಲೋಟಕ್ಕೆ ಒಂದೇ ಪಾಕೀಟು. ಈಗ ಮೂರು.

ನೇಮ ತೊಗೊಂಡ ದಿನ ಆ ಕಾಲು ಗಂಟೆ ಗೋಡೆ ನೋಡುತ್ತ ಕಳೆಯಿತು. ಮರುದಿನ ಬೆಳಿಗ್ಗೆ ಎದ್ದರೆ ತಲೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿದ್ದರು.

ರೊಟ್ಟಿ ಬಡಿಯುವಾಗ ಪ್ರತಿ ಏಟೂ ಹಿಟ್ಟಿಗಲ್ಲ, ಹಣೆಗೇ ಬಿದ್ದಂತಾಗುತ್ತಿತ್ತು. ಎಂಟು ಗಂಟೆಗೆ ಕಣ್ಣು ಕತ್ತಲೆಗಟ್ಟಿ ಹಂಚಿನ ಮುಂದೆಯೇ ಕುಸಿದು ಕುಳಿತಳು. ತಾರವ್ವ ಕೂಗಿಕೊಂಡಳು. ಆ ಕೂಗಿಗೆ ರೂಪಾಲಿ ಬಂದಳು, ಎದುರು ಮನೆಯ ಸಕ್ಕುಬಾಯಿ ಬಂದಳು.

"ದೃಷ್ಟಿ ಆಗೇತಿ," ಎಂದಳು ಸಕ್ಕುಬಾಯಿ. ಊರಿನ ಅರ್ಧ ರೋಗಗಳಿಗೆ ಅವಳೇ ಡಾಕ್ಟರು. "ಮಾತಾಜಿಗೆ ಆಹಾರ ಕೊಟ್ಟಾಗ ಹಸರ ಇಳಕಲ್ ಸೀರಿ ಉಟ್ಟಿದ್ಲು ನೋಡ್ರಿ, ಆವಾಗ ಆಗೇತಿ. ಮೆಣಸಿನಕಾಯಿ ತರ್ರಿ. ಘಾಟ ಬರಲಿಲ್ಲ ಅಂದ್ರ ದೃಷ್ಟಿ ಖರೇ."

ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೇ ತಡ, ಮನೆ ತುಂಬ ಘಾಟು ಎದ್ದಿತು. ತಾರವ್ವ ಕೆಮ್ಮಿದಳು, ರೂಪಾಲಿ ಸೀನಿದಳು, ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿತು. ಕುಸುಮಳ ತಲೆಯಲ್ಲಿ ಒನಕೆ ಒಂದಿದ್ದದ್ದು ಎರಡಾಯಿತು.

ಸಕ್ಕುಬಾಯಿ ಕಣ್ಣೊರೆಸಿಕೊಳ್ಳುತ್ತ ಕುಸುಮಳನ್ನೇ ದಿಟ್ಟಿಸಿದಳು. "ಹಂಗಾರ ದೃಷ್ಟಿ ಅಲ್ಲ ಬಿಡ್ರಿ. ಏನೈತಿ ಅದು ಒಳಗಿನಿಂದ ಐತಿ."

'ಒಳಗಿನಿಂದ' ಎಂಬ ಮಾತಿಗೆ ಕುಸುಮ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು.

"ವೈನಿ, ನೀವು ಹೆದರಬ್ಯಾಡ್ರಿ," ರೂಪಾಲಿ ಹತ್ತಿರ ಕುಳಿತು ಕೈ ಹಿಡಿದಳು. "ಜುಗೂಳದಾಗ ನಮ್ಮ ದೊಡ್ಡವ್ವಗೂ ಹಿಂಗ ಆಗಿತ್ತು. ಮುಂಜಾನಿ ರೊಟ್ಟಿ ಬಡ್ಯಾಕತ್ತಿದ್ಲು, ತಲಿ ಹಿಡಕೊಂಡ ಕುಂತ್ಲು. ಮೂರ ದಿನಾ ಅಷ್ಟ."

"ಮೂರ ದಿನಕ್ಕ ಆರಾಮ ಆತೇನವಾ?" ಕುಸುಮ ಆಸೆಯಿಂದ ಕೇಳಿದಳು.

"ಮೂರ ದಿನಕ್ಕ ಹ್ವಾದ್ಲು. ತಲಿಯೊಳಗ ಗಡ್ಡಿ ಇತ್ತಂತ. ಲಿಂಬಿಹಣ್ಣಿನಷ್ಟು."

ಕುಸುಮ ತಲೆ ಮುಟ್ಟಿ ನೋಡಿಕೊಂಡಳು. ಆ ಲಿಂಬಿಹಣ್ಣು ಎಲ್ಲಿದೆ ಎಂಬುದು ಅವಳಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಆದರೆ ಇನ್ನೊಂದು ಭಯ ಅದಕ್ಕಿಂತ ದೊಡ್ಡದಾಗಿ ಬೆಳೆಯುತ್ತಿತ್ತು. ಏಳು ವರ್ಷ ಮುಚ್ಚಿಟ್ಟು ಕುಡಿದದ್ದಕ್ಕೆ ರಕ್ತ ಆರಿಹೋಯಿತೆ? ಮಾತಾಜಿಯ ಮುಂದೆ ತಾನು ಕುಡಿಯದವಳಂತೆ ನಿಂತು ನೇಮ ತೊಗೊಂಡದ್ದಕ್ಕೆ ಈ ಶಿಕ್ಷೆಯೇ? ಒಂದು ಗುಟುಕು ಕುಡಿದರೆ ನೋವು ಹೋದೀತು ಎಂದು ಮೈಯ ಒಂದೊಂದು ನರವೂ ಹೇಳುತ್ತಿತ್ತು. ಕುಡಿದರೆ ನೇಮ ಮುರಿಯುತ್ತದೆ. ಕುಡಿಯದಿದ್ದರೆ ಮೂರು ದಿನ.

ಹೊಲದಿಂದ ಓಡಿ ಬಂದ ರಾವಸಾಹೇಬ ಒಂದೇ ಮಾತು ಹೇಳಿದ. "ಮಿರಜ್‌ಗೆ ಹೋಗೂಣು."

ಮಿರಜ್ ಎಂದರೆ ಈ ಕಡೆಯವರಿಗೆ ದವಾಖಾನೆ. ಸಣ್ಣ ಬೇನೆಗೆ ಯಾರೂ ಅಲ್ಲಿಗೆ ಹೋಗುವುದಿಲ್ಲ. ಕಾರು ಹತ್ತುವಾಗ ಸಕ್ಕುಬಾಯಿ ಕಣ್ಣಿಗೆ ಸೆರಗು ಹಚ್ಚಿದ್ದನ್ನು ನೋಡಿ ಕುಸುಮಳಿಗೆ ತನ್ನ ಕತೆ ಮುಗಿಯಿತೆಂದು ಖಾತ್ರಿಯಾಯಿತು.

ಡಾಕ್ಟರು ವಯಸ್ಸಾದವರು, ಮರಾಠಿ ಬೆರೆಸಿ ಕನ್ನಡ ಮಾತಾಡುವವರು. ಬಿ.ಪಿ. ನೋಡಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಹಲ್ಲಿಗೆ ಮಿಶ್ರಿ ಹಚ್ಚತೀರೇನು, ತಾಯಿ? ತಂಬಾಕ?"

"ಅಯ್ಯ, ನಾವು ಜೈನರ್ರಿ!" ತಾರವ್ವ ಕುರ್ಚಿಯಿಂದ ಅರ್ಧ ಎದ್ದಳು.

"ಚಹಾ? ಕಾಫಿ?"

ಕುಸುಮಳ ಪರವಾಗಿ ಅತ್ತೆಯೇ ಉತ್ತರ ಕೊಟ್ಟಳು. "ಚಹಾ ಬಿಟ್ಟ ವರ್ಷಗಟ್ಲೆ ಆತ್ರಿ. ಕಾಫಿ ಅಂತೂ ನಮ್ಮ ಮನಿ ಹೊಸ್ತಿಲಾನ ದಾಟಿಲ್ಲ. ಇಂಥಾ ಸೊಸಿ ತಾಲೂಕಿನಾಗ ಇಲ್ಲ ತಗೋರಿ."

ಡಾಕ್ಟರು ಪೆನ್ನಿನಿಂದ ಮೇಜನ್ನು ತಟ್ಟಿದರು. "ಮಗ ಕಾರಣ ಕಾಯ್? ಹಂಗಾರ ಕಾರಣ ಏನು? ಒಂದ ಸಲ ತಲಿ ಸ್ಕ್ಯಾನ್ ಮಾಡಿ ನೋಡಿಬಿಡೂಣು."

ಸ್ಕ್ಯಾನ್ ಮಾಡುವ ಕೋಣೆ ತಣ್ಣಗಿತ್ತು. ಯಂತ್ರ ದೊಡ್ಡ ದುಂಡು ಬಾಯಿ ತೆರೆದು ನಿಂತಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಒಳಗೆ ಎಳೆದುಕೊಳ್ಳುವುದನ್ನು ಕುಸುಮ ನೋಡಿದ್ದಳು. ಒಳಗೆ ಹೋಗುವಾಗ ಕಬ್ಬು, ಹೊರಗೆ ಬರುವಾಗ ಸಿಪ್ಪೆ. ನರ್ಸು ಅವಳನ್ನು ಹಲಗೆಯ ಮೇಲೆ ಮಲಗಿಸಿ ತಲೆಗೆ ಪಟ್ಟಿ ಬಿಗಿದಳು. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಆ ಹೊತ್ತಿಗೆ ಅವಳಿಗೆ ಡಬ್ಬಿ ನೆನಪಾಯಿತು.

ತಾನು ಇಲ್ಲೇ ಹೋಗಿಬಿಟ್ಟರೆ? ನೆಂಟರು ಬರುತ್ತಾರೆ, ಮನೆ ತೊಳೆಯುತ್ತಾರೆ. ಸಹಾಯಕ್ಕೆ ಬಂದ ರೂಪಾಲಿ ಅಟ್ಟಣಿಗೆಗೆ ಕೈ ಹಾಕುತ್ತಾಳೆ. ಶೀಗೆಕಾಯಿ ಡಬ್ಬಿ ತೆಗೆಯುತ್ತಾಳೆ. ಒಂಬತ್ತು ಪಾಕೀಟುಗಳು ನೆಲಕ್ಕೆ ಬೀಳುತ್ತವೆ. ಅತ್ತುಕೊಂಡು ಕುಳಿತವರೆಲ್ಲ ಅಳು ನಿಲ್ಲಿಸಿ ಎಣಿಸುತ್ತಾರೆ.

ಹಲಗೆ ಸರಕ್ಕನೆ ಅಲುಗಿತು.

"ನಿಂದರ್ಸ್ರಿ!" ಕುಸುಮ ಚೀರಿದಳು. "ನಾ ಕಾಫಿ ಕುಡೀತೇನ್ರಿ! ದಿನಾ ಮೂರ ಪಾಕೀಟ! ಏಳ ವರ್ಷ ಆತ್ರಿ!"

ನರ್ಸು ಗಾಬರಿಯಿಂದ ಬಾಗಿಲು ತೆರೆದಳು. ಹೊರಗಿನ ಬೆಂಚಿನ ಮೇಲೆ ರಾವಸಾಹೇಬ, ತಾರವ್ವ, ಮತ್ತು ಅಥಣಿಯ ಕಡೆಯಿಂದ ಬಂದ ಯಾರೋ ಐದು ಮಂದಿ ಸಾಲಾಗಿ ಬಾಯಿ ತೆರೆದು ಕುಳಿತಿದ್ದರು.

ಡಾಕ್ಟರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಸ್ಕ್ಯಾನು ರದ್ದಾಯಿತು.

"ಅಂದ್ರ ಕಾಫಿ ವಿಷ ಏನ್ರಿ ಸಾಹೇಬ್ರ?" ರಾವಸಾಹೇಬ ಗಂಭೀರವಾಗಿ ಕೇಳಿದ.

"ವಿಷಾನೂ ಅಲ್ಲ, ಅಮೃತಾನೂ ಅಲ್ಲ. ಹದದಾಗ ಕುಡದ್ರ ಲಿವರ್‌ಗೆ ಚಲೋ, ಮನಸ್ಸು ಚುರುಕ. ಹೆಚ್ಚಾದ್ರ ಎದಿ ಬಡಕೋತೈತಿ, ನಿದ್ದಿ ಹಾಳ, ಪಿತ್ತ. ದಿನಾ ಕುಡಿಯೂದು ಒಮ್ಮಿಗೇ ಬಿಟ್ರ ತಲಿ ಹಿಂಗ ಸಿಡೀತೈತಿ. ತಾಯಿ, ಇವತ್ತ ಅರ್ಧಾ ಲೋಟ ಔಷಧ ಅಂತ ಕುಡೀರಿ. ದಿನಾ ಇಷ್ಟಿಷ್ಟ ಇಳಿಸಿಕೋತ ಹೋಗ್ರಿ, ತಾನಾಗೇ ಬಿಡತೈತಿ."

ತಲೆಯಲ್ಲಿದ್ದ ಲಿಂಬಿಹಣ್ಣು ಮಾಯವಾಯಿತು. ಅದರ ಜಾಗದಲ್ಲಿ ತಾರವ್ವ ಬಂದು ಕುಳಿತಳು. ಕಾರಿನ ಮುಂದಿನ ಸೀಟಿನಲ್ಲಿ ಅತ್ತೆಯ ಬೆನ್ನು ಕಲ್ಲಿನ ಹಾಗಿತ್ತು. ಮಿರಜ್ ದಾಟಿತು, ಮಹಾರಾಷ್ಟ್ರದ ಗಡಿ ದಾಟಿತು, ಕಾಗವಾಡ ದಾಟಿತು, ಆ ಬೆನ್ನು ತಿರುಗಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅತ್ತೆ ಬೈದದ್ದನ್ನೆಲ್ಲ ಕುಸುಮ ನೆನೆಸಿಕೊಂಡಳು. ಬೈಗುಳಕ್ಕೆ ಅವಳು ಹೆದರಿದವಳಲ್ಲ. ಈ ಕಲ್ಲುಬೆನ್ನನ್ನು ಮಾತ್ರ ಇದುವರೆಗೆ ಕಂಡಿರಲಿಲ್ಲ.

"ಬಸದಿ ಮುಂದ ನಿಂದರ್ಸು," ಎಂದಳು ತಾರವ್ವ ಕೊನೆಗೆ.

ಮಾತಾಜಿಯ ಎದುರು ತಾರವ್ವ ಒಂದನ್ನೂ ಬಿಡದೆ ಹೇಳಿದಳು. ಕುಸುಮ ಕಂಬಕ್ಕೆ ಒರಗಿ, ನೆಲ ಬಾಯಿ ಬಿಡಲಿ ಎಂದು ಕಾಯುತ್ತ ನಿಂತಳು.

ಮಾತಾಜಿ ತಾರವ್ವನ ಕಡೆ ತಿರುಗಿದರು. "ತಾರವ್ವ, ಈ ಊರಲ್ಲಿ ಎಷ್ಟು ಮಂದಿ ನೇಮ ತೊಗೊಂಡರು?"

"ನಾಲ್ವತ್ತ ಮಂದಿ ಇರಬೇಕ್ರಿ."

"ಅವರೊಳಗೆ ನಿಜವಾಗಿ ಏನನ್ನಾದರೂ ಬಿಟ್ಟವಳು ಇವಳೊಬ್ಬಳೇ."

ತಾರವ್ವ ತನ್ನ ಮೂರು ಹಲ್ಲುಗಳ ಮೇಲೆ ತುಟಿ ಎಳೆದುಕೊಂಡಳು.

"ಔಷಧಕ್ಕೆ ನೇಮದಲ್ಲಿ ಅಡ್ಡಿಯಿಲ್ಲಮ್ಮ," ಮಾತಾಜಿ ಕುಸುಮಳಿಗೆ ಹೇಳಿದರು. "ವೈದ್ಯರು ಹೇಳಿದಷ್ಟೇ ತೊಗೊ. ಹೊತ್ತು ಮುಳುಗುವುದರೊಳಗೆ ತೊಗೊ."

ಬಸದಿಯ ಮೆಟ್ಟಿಲಿಳಿಯುವಾಗ ತಾರವ್ವ ಸೊಸೆಯ ಭುಜ ಹಿಡಿದುಕೊಂಡಳು. ಎರಡು ಮೆಟ್ಟಿಲು ಇಳಿದು ನಿಂತಳು.

"ಹೆಂಗ ಇರತೈತಿ ಅದು?"

"ಯಾವ್ದು ಅತ್ತಿ?"

"ಅದ. ಕಾಫಿ."

ಕುಸುಮ ಯೋಚಿಸಿದಳು. ಇದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. "ಮೊದ್ಲ ಕಹಿ ಇರತೈತಿ. ಆಮ್ಯಾಲ ಒಂದೀಟ ಹೊತ್ತಿನ ಮ್ಯಾಲ, ಯಾರೋ ನನ್ನ ಹೆಸರು ಹಿಡದ ಕರದಂಗ ಆಗತೈತಿ, ಅತ್ತಿ."

ತಾರವ್ವ ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ಕಾರಿನ ಬಾಗಿಲಲ್ಲಿ ನಿಂತು, "ನನಗೂ ಒಂದ ಗುಟಕ ಕೊಡು," ಎಂದಳು.

ಕುಸುಮಳ ಕಣ್ಣು ತುಂಬಿ ಬಂತು. ಇಷ್ಟು ಹಗುರವಾಗಿ ಮುಗಿಯುವುದಕ್ಕೆ ತಾನು ಏಳು ವರ್ಷ ಹೆದರಿದ್ದೆನೆ ಎನಿಸಿತು.

ಅಷ್ಟರಲ್ಲಿ ರಾವಸಾಹೇಬ ಮಿರಜ್‌ನಿಂದಲೇ ರೂಪಾಲಿಯ ಗಂಡ ಅಭಿನಂದನನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಯಾಗಿತ್ತು. ಕಾರು ಮನೆ ಮುಂದೆ ಬಂದು ನಿಂತಾಗ ಕಟ್ಟೆಯ ಮೇಲೆ ಏಳು ಹೆಂಗಸರು ಕಾಯುತ್ತ ಕುಳಿತಿದ್ದರು.

"ವೈನಿ, ಕಾಫಿ ಕುಡದ್ರ ಲಿವರ್ ಚಲೋ ಇರತೈತಂತ್ರಿ!" ರೂಪಾಲಿ ಮೊಬೈಲು ಹಿಡಿದೇ ಎದ್ದಳು. "ಸಕ್ಕರಿ ರೋಗ ಬರೂದಿಲ್ಲಂತ. ಮೈ ಸುದ್ದಾ ಇಳೀತೈತಂತ."

"ನಿನ್ನಿ ಎದಿ ನಿಲ್ತೈತಿ ಅಂದ್ಯಲ್ಲವಾ?" ಎಂದಳು ಕುಸುಮ.

"ಅದು ನಿನ್ನಿ ಬಂದಿದ್ದ ಮೆಸೇಜ್ರಿ."

"ಔಷಧ ಅಂದ ಮ್ಯಾಲ ನನಗೂ ಇಷ್ಟ ಹಾಕು," ಎಂದಳು ಸಕ್ಕುಬಾಯಿ, ಮೊಣಕಾಲು ಒತ್ತಿಕೊಳ್ಳುತ್ತ. "ಮಳಿಗಾಲಕ್ಕ ಇದೊಂದ ಭಾಳ ಹಿಡೀತೈತಿ."

"ಎಲ್ಲಾರಿಗೂ ಮಾಡ ಕುಸುಮಾ," ತಾರವ್ವ ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಟ್ಟಳು. "ಮುಚ್ಚೂದ ಏನೈತಿ ಇನ್ನ?"

ಹೊತ್ತು ಇಳಿಯುತ್ತಿತ್ತು. ಕುಸುಮ ಡಬ್ಬಿ ಇಳಿಸಿದಳು. ಒಂಬತ್ತೂ ಪಾಕೀಟು ಹರಿದು ಹಾಕಿದಳು. ತನ್ನ ಅರ್ಧ ಲೋಟವನ್ನು ಮೊದಲೇ ತೆಗೆದು ಮಿಕ್ಸರಿನ ಹಿಂದೆ ಇಟ್ಟಳು. ಏಳು ಹೆಂಗಸರಿಗೆ ಕೊಟ್ಟಳು, ಅತ್ತೆಗೆ ಕೊಟ್ಟಳು. ಒಬ್ಬಳಿಗೆ ಸಕ್ಕರೆ ಕಡಿಮೆ, ಒಬ್ಬಳಿಗೆ ಹಾಲು ಜಾಸ್ತಿ, ಸಕ್ಕುಬಾಯಿಗೆ ಬಟ್ಟಲಲ್ಲಿ ಆರಿಸಿ. ಕಿಟಕಿಯಾಚೆ ಸೂರ್ಯ ಕಬ್ಬಿನ ಗರಿಗೆ ತಾಕಿದ್ದ.

ಓಡಿ ಅಡಿಗೆಮನೆಗೆ ಬಂದರೆ ರಾವಸಾಹೇಬ ಮಿಕ್ಸರಿನ ಹತ್ತಿರ ನಿಂತಿದ್ದ. ಕೈಯಲ್ಲಿ ಅವಳ ಲೋಟ.

"ಥೂ," ಎಂದ. "ಇದಕ್ಕ ಇಷ್ಟೆಲ್ಲಾ ಮಾಡಿದಿಯೇನ? ಹಾಗಲಕಾಯಿ ಎಷ್ಟೋ ಪಾಡ." ಉಳಿದದ್ದನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದು, ಲೋಟ ತೊಳೆಯಲಿಟ್ಟು ಹೋದ.

ಕುಸುಮ ಪಾತ್ರೆ ಬಗ್ಗಿಸಿ ನೋಡಿದಳು. ಅಂಚಿಗೆ ಒಂದಿಷ್ಟು ನೊರೆ ಅಂಟಿತ್ತು. ಬೆರಳು ಚಾಚುವುದರೊಳಗೆ ಹೊರಗಿನಿಂದ ಅತ್ತೆಯ ಧ್ವನಿ ಬಂತು.

"ಹೊತ್ತ ಮುಳಗ್ತು ನೋಡ. ಇನ್ನ ಏನೂ ಬಾಯಾಗ ಹಾಕಬ್ಯಾಡ. ನಾಳೆ ಕುಡಿಯಂತಿ."

ತಲೆಯಲ್ಲಿ ಒನಕೆಗಳು ಮತ್ತೆ ಎದ್ದು ನಿಂತವು.

"ನಾಳೆ ಎರಡೂವರಿಗೆ ಬರ್ತೇವ್ರಿ ವೈನಿ," ರೂಪಾಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಕೂಗಿದಳು. "ನೀವು ಜಪಕ್ಕ ಕೂಡೂ ಹೊತ್ತಿಗೆ. ನಮ್ಮ ಚಿಗವ್ವನ್ನೂ ಕರಕೊಂಡ ಬರ್ತೇನಿ."

ಹೆಂಗಸರು ಹೋದರು. ತಾರವ್ವ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದಳು. ಅವಳ ಮುಖದಲ್ಲಿ ಹತ್ತು ವರ್ಷ ಇಳಿದಂಥ ಕಳೆ ಬಂದಿತ್ತು. ಕುಸುಮ ಖಾಲಿ ಡಬ್ಬಿಯ ಮುಚ್ಚಳ ಹಾಕಿ ಅಟ್ಟಣಿಗೆಗೆ ಕೈ ಎತ್ತಿದ್ದಳು.

"ಮ್ಯಾಲ ಯಾಕ ಇಡ್ತಿ?" ಎಂದಳು ಅತ್ತೆ. "ಕೆಳಗ ಇಡು. ನನ್ನ ಕೈಗೆ ಸಿಗೂ ಹಂಗ."