ಶುದ್ಧ ಕಲಬೆರಕೆ

ಸಣ್ಣ ಗಿರಣಿಗಳ ಹಿಟ್ಟಿನ ಗುಣಮಟ್ಟವನ್ನು ಅಳೆಯುವುದು ಡಬ್ಬಿಯ ಮುಚ್ಚಳದ ಮೇಲಿರುವ ಅರಗಿನ ಮುದ್ರೆಯಿಂದ. ಜನರ ರಕ್ತಹೀನತೆ ನೀಗಲೆಂದು ಇಲಾಖೆಯು ಪ್ರತಿ ಗಿರಣಿಗೂ ಕಬ್ಬಿಣದ ಸತ್ವವಿರುವ ಪುಡಿಯ ಡಬ್ಬಿಯೊಂದನ್ನು ವಿತರಿಸಿತು. ಡಬ್ಬಿಯ ಮೇಲೆ "ಕ್ವಿಂಟಲ್ ಹಿಟ್ಟಿಗೆ ಇಪ್ಪತ್ತು ಗ್ರಾಂ ಬೆರೆಸಿ" ಎಂದಿತ್ತು. ಹದಿನೈದು ದಿನ ತಡವಾಗಿ ಬಂದ ಸುತ್ತೋಲೆಯಲ್ಲಿ "ತಪಾಸಣೆಯ ವೇಳೆ ಡಬ್ಬಿಯ ಮುದ್ರೆ ಒಡೆದಿರಕೂಡದು" ಎಂದಿತ್ತು. ಎರಡನ್ನೂ ಯಾರಾದರೂ ಓದಿಯಾರು ಎಂದು ಬರೆದವರು ಎಣಿಸಿರಲಿಲ್ಲ.

ಗಿರಣಿ ಅಕ್ಕ ಓದಿದ್ದು ಡಬ್ಬಿಯನ್ನು. ಮುದ್ರೆ ಒಡೆದಳು. ಅಕ್ಕಸಾಲಿಗನಿಂದ ಎರವಲು ತಂದ ಪುಟ್ಟ ತಕ್ಕಡಿಯಲ್ಲಿ ಪುಡಿ ತೂಗಿದಳು. ಮೊದಲು ಒಂದು ಸೇರು ಹಿಟ್ಟಿಗೆ ಕಲಸಿ, ಅದನ್ನು ಒಂದು ಮೂಟೆಗೆ ಸೇರಿಸಿ, ಆಮೇಲೆ ಇಡೀ ರಾಶಿಗೆ ಬೆರೆಸಿ ಮೂರು ಸಲ ಜರಡಿ ಹಿಡಿದಳು. ಅವಳ ತಂಗಿ ಹೆರಿಗೆಯ ಹೊತ್ತಿಗೆ ಮೈಯಲ್ಲಿ ರಕ್ತವಿಲ್ಲದೆ ತೀರಿಕೊಂಡಿದ್ದಳು. ಈಗ ಸೊಸೆಗೆ ಐದು ತಿಂಗಳು. ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗೆ ಬಿಳುಪು. ಈ ಸಂಗತಿಗಳಿಗೆ ಇಲಾಖೆಯ ನಮೂನೆಯಲ್ಲಿ ಕಾಲಂ ಇಲ್ಲ.

ತಪಾಸಣೆಗೆ ಬಂದವರನ್ನು ಗಿರಣಿಯವರೆಲ್ಲ ಬೆನ್ನ ಹಿಂದೆ ಸೀಲ್ ಸಾಹೇಬರು ಎನ್ನುತ್ತಿದ್ದರು. ಅವರು ಮೊದಲು ಎದುರು ಗಿರಣಿಗೆ ಹೋದರು. ಅಲ್ಲಿನ ಡಬ್ಬಿ ಕಪಾಟಿನಲ್ಲಿ ಫಳಫಳ ಹೊಳೆಯುತ್ತಿತ್ತು. "ದಿನಾ ಬೆಳಿಗ್ಗೆ ಒರೆಸ್ತೀನಿ ಸಾರ್," ಎಂದ ಗಿರಣಿಯವನು ಕೈಕಟ್ಟಿ ನಿಂತು. ಅವನಿಗೆ ನೂರಕ್ಕೆ ನೂರು ಅಂಕ ಬಿತ್ತು. ಆಮೇಲೆ ಸಾಹೇಬರು ರಸ್ತೆ ದಾಟಿದರು.

"ಏನಮ್ಮಾ, ಡಬ್ಬಿ ಅರ್ಧ ಖಾಲಿ! ಪುಡಿ ಎಲ್ಲಿ?"

"ಹಿಟ್ಟಿಗೆ ಹಾಕಿದೆ ಸಾರ್."

"ಹಿಟ್ಟಿಗಾ?" ಸಾಹೇಬರು ಕುರ್ಚಿ ಹುಡುಕಿ ಕೂತರು. "ಯಾರು ಹೇಳಿದ್ರು ನಿಮಗೆ?"

"ಡಬ್ಬಿ ಮೇಲೇ ಬರೆದಿದೆಯಲ್ಲ."

"ಬರೆದಿದ್ದನ್ನೆಲ್ಲ ಮಾಡ್ತಾ ಕೂತರೆ ಇಲಾಖೆ ನಡೆಯುತ್ತೇನಮ್ಮ? ಮುದ್ರೆ ಇದ್ರೆ ಪುಡಿ ದುರುಪಯೋಗ ಆಗಿಲ್ಲ ಅಂತ ನಾನು ಬರೀಬಹುದು. ಈಗ ಏನಂತ ಬರೀಲಿ?"

"ಉಪಯೋಗ ಆಗಿದೆ ಅಂತ ಬರೀರಿ."

ಹಾಗೆಂದು ಬರೆಯಲು ಜಾಗವಿರಲಿಲ್ಲ. ಅಕ್ಕ ಬಿಡಲಿಲ್ಲ. "ಡಬ್ಬಿ ಬಿಡಿ ಸಾರ್, ಹಿಟ್ಟು ಪರೀಕ್ಷೆ ಮಾಡಿಸಿ," ಎಂದು ಹಟ ಹಿಡಿದಳು. ಎರಡೂ ಗಿರಣಿಗಳ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಇಪ್ಪತ್ತು ದಿನಕ್ಕೆ ವರದಿ ಬಂತು. ಎದುರು ಗಿರಣಿಯದು: "ಹಿಟ್ಟಿನಲ್ಲಿ ಹಿಟ್ಟಿನ ಹೊರತು ಏನೂ ಕಂಡುಬಂದಿಲ್ಲ. ಶುದ್ಧ." ಅಕ್ಕನದು: "ಹಿಟ್ಟಿನಲ್ಲಿ ಹಿಟ್ಟಲ್ಲದ ಪದಾರ್ಥ ಪತ್ತೆಯಾಗಿದೆ. ಪದಾರ್ಥ: ಕಬ್ಬಿಣ. ಪ್ರಮಾಣ: ಇಲಾಖೆ ನಿಗದಿಪಡಿಸಿದಷ್ಟೇ. ತೀರ್ಮಾನ: ಕಲಬೆರಕೆ."

ಜೊತೆಗೊಂದು ನೋಟಿಸು. ಮೂವತ್ತು ದಿನದೊಳಗೆ ವಿವರಣೆ ಕೊಡಬೇಕು, ತಪ್ಪಿದರೆ ಪರವಾನಗಿ ರದ್ದು.

ಎದುರು ಗಿರಣಿಯವನು ಸಾಂತ್ವನ ಹೇಳಲು ಬಂದ. "ಅಕ್ಕಾ, ಹೊಸ ಡಬ್ಬಿ ಕೇಳಿ ತಗೊಂಡು ಕಪಾಟಲ್ಲಿಡು. ಒಂದು ಬಟ್ಟೆ ಸಾಕು ಒರೆಸೋಕೆ."

"ನಿನ್ನ ಹಿಟ್ಟು ತಿಂದೋರ ಗತಿ ಏನೋ?"

"ಹೊಟ್ಟೆ ತುಂಬುತ್ತಲ್ಲಕ್ಕ."

"ಹೊಟ್ಟೆ ಹೊಟ್ಟಿನಿಂದಲೂ ತುಂಬುತ್ತೆ. ಎದ್ದು ಹೋಗು, ಕೆಲಸ ಇದೆ," ಎಂದು ಅಕ್ಕ ತಕ್ಕಡಿ ತೆಗೆದಳು.

ಆದರೆ ರಾತ್ರಿ ನೋಟಿಸು ಮುಂದಿಟ್ಟುಕೊಂಡು ಲೆಕ್ಕ ಹಾಕಿದಳು. ಬೆರೆಸಿದರೆ ಗಿರಣಿ ಹೋಗುತ್ತದೆ. ನಿಲ್ಲಿಸಿದರೆ ಸೊಸೆ ತಿನ್ನುವುದು ಬರೀ ಹಿಟ್ಟು. ಇಪ್ಪತ್ತೊಂಬತ್ತನೆಯ ದಿನ ಅವಳು ಕಚೇರಿಗೆ ಹೋದಳು. ಕಡತಗಳ ಹಿಂದೆ ಕ್ಲರ್ಕಮ್ಮ ಕೂತಿದ್ದರು. ನೋಟಿಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕನ್ನಡಕ ಮೂಗಿಗೆ ಇಳಿಸಿದರು.

"ವಿವರಣೆ ಏನು ಕೊಡ್ತೀರಿ?"

"ಬೆರೆಸಿದ್ದು ನಿಜ, ಮುಂದೂ ಬೆರೆಸ್ತೀನಿ ಅಂತ."

"ಒಳ್ಳೇದಾಯ್ತು. ತಪ್ಪೊಪ್ಪಿಕೊಂಡ ಮೇಲೂ ತಪ್ಪು ಮುಂದುವರಿದ್ರೆ ಅದು ಹೊಸ ತಪ್ಪು. ಹೊಸ ತಪ್ಪಿಗೆ ಹೊಸ ನೋಟಿಸ್ ಕೊಡಬೇಕು. ಅದಕ್ಕೂ ಮೂವತ್ತು ದಿನ. ನೋಟಿಸ್ ಜಾರಿಯಲ್ಲಿರೋವರೆಗೆ ಗಿರಣಿ ಮುಚ್ಚಿಸೋ ಹಾಗಿಲ್ಲ, ನಿಯಮ ಇದೆ." ಕ್ಲರ್ಕಮ್ಮ ದನಿ ತಗ್ಗಿಸಿದರು. "ತಿಂಗಳು ತಿಂಗಳು ಮರೀದೆ ತಪ್ಪು ಮಾಡಿ. ಒಂದು ತಿಂಗಳು ತಪ್ಪಿಸಿದ್ರೂ ಕೆಟ್ಟಿರಿ."

ಅಂದಿನಿಂದ ಅಕ್ಕನ ಗಿರಣಿ ಕಟ್ಟುನಿಟ್ಟಾಗಿ ತಪ್ಪು ಮಾಡಿಕೊಂಡು ನಡೆಯತೊಡಗಿತು. ಪುಡಿಗೇನೂ ಕೊರತೆಯಿರಲಿಲ್ಲ, ಉಳಿದ ಗಿರಣಿಗಳವರು ಪುಡಿಯ ವಾಯಿದೆ ಮುಗಿಯುವ ಮುನ್ನ ತಮ್ಮ ಡಬ್ಬಿ ತಂದು ಅವಳ ಬಾಗಿಲಲ್ಲಿಟ್ಟು, ಹೊಸದನ್ನು ಒರೆಸಲು ಹೋಗುತ್ತಿದ್ದರು. ಪ್ರತಿ ತಿಂಗಳ ನೋಟಿಸನ್ನು ಅಕ್ಕ ಗೋಡೆಗೆ ಅಂಟಿಸುತ್ತಿದ್ದಳು. ಇಲಾಖೆಯ ಮೊಹರು ಹೊತ್ತು "ನಿಗದಿತ ಪ್ರಮಾಣದಲ್ಲಿ ಕಬ್ಬಿಣ ಪತ್ತೆಯಾಗಿದೆ" ಎಂದು ಸಾರುವ ಕಾಗದ ಆ ಬೀದಿಯಲ್ಲಿ ಇನ್ನಾವ ಅಂಗಡಿಯಲ್ಲೂ ಇರಲಿಲ್ಲ. ಗಿರಾಕಿಗಳು ಮೊದಲು ತಾರೀಖು ನೋಡುತ್ತಿದ್ದರು, ಆಮೇಲೆ ಚೀಲ ಬಿಚ್ಚುತ್ತಿದ್ದರು.

"ಅಕ್ಕಾ, ಈ ತಿಂಗಳ ನೋಟಿಸ್ ಬಂತಾ?"

"ನಿನ್ನೆ ತಾನೇ ಬಂತು, ತಾಜಾ."

"ಹಾಗಾದ್ರೆ ಎರಡು ಕೆಜಿ ಕಲಬೆರಕೆ ಕೊಡಿ."

ಎದುರು ಗಿರಣಿಗೆ ಹೋದವರು "ನಿನಗೆ ಒಂದು ನೋಟಿಸಾದ್ರೂ ಬಂದಿದೆಯೇನಪ್ಪ?" ಎಂದು ಕೇಳಿ ಮೂಗು ಮುರಿಯತೊಡಗಿದರು. ತನಗೂ ಒಂದು ನೋಟಿಸು ದಯಪಾಲಿಸಬೇಕೆಂದು ಅವನು ಅರ್ಜಿ ಹಾಕಿಕೊಂಡ. "ಅರ್ಜಿದಾರರ ಹಿಟ್ಟು ಶುದ್ಧವಾಗಿರುವುದರಿಂದ ತಿರಸ್ಕರಿಸಲಾಗಿದೆ" ಎಂದು ಹಿಂಬರಹ ಬಂತು. ಅವನು ಇಡೀ ದಿನ ಡಬ್ಬಿ ಒರೆಸಲಿಲ್ಲ.

ಸೊಸೆಗೆ ಹೆರಿಗೆಯಾಯಿತು. ಕೂಸಿನ ಅಳು ಗಿರಣಿಯ ಸದ್ದನ್ನೂ ಮೀರಿ ಬೀದಿಗೆ ಕೇಳುತ್ತಿತ್ತು. ತಾಯಿ ಮೂರನೆಯ ದಿನಕ್ಕೇ ಎದ್ದು ಓಡಾಡಿದಳು. ಇದಕ್ಕೂ ಕಾಲಂ ಇಲ್ಲ.

ಅದರ ಮರುವಾರ ಸೀಲ್ ಸಾಹೇಬರು ಬಂದರು. ಕಡತ ತಂದಿರಲಿಲ್ಲ, ಚೀಲ ತಂದಿದ್ದರು. ನಾಲ್ಕು ಜನರ ಹಿಂದೆ ಸಾಲಿನಲ್ಲಿ ನಿಂತರು.

"ಎಷ್ಟು ಸಾರ್?"

"ಐದು ಕೆಜಿ. ಮಗಳು ತವರಿಗೆ ಬಂದಿದ್ದಾಳೆ, ಆರು ತಿಂಗಳು." ಅತ್ತಿತ್ತ ನೋಡಿ, "ಶುದ್ಧ ಕಲಬೆರಕೆ ತಾನೇ?" ಎಂದರು.

"ಅನುಮಾನ ಇದ್ರೆ ಗೋಡೆ ನೋಡಿ. ರುಜು ನಿಮ್ಮದೇ."

ಸಾಹೇಬರು ಕನ್ನಡಕ ಹಾಕಿಕೊಂಡು ನೋಟಿಸನ್ನು ಮೊದಲಿಂದ ಕೊನೆವರೆಗೆ ಓದಿದರು. ರುಜು ಅವರದೇ. ಮುಖ ಗೆಲುವಾಯಿತು. ಆಮೇಲೆ ಗೋಡೆಯ ತಾರೀಖನ್ನು ಬೆರಳಲ್ಲಿ ಎಣಿಸಿ, "ಮೂರು ದಿನಕ್ಕೆ ಇದು ಮುಗಿಯುತ್ತಲ್ಲಮ್ಮ!" ಎಂದು ಗಾಬರಿಯಾಗಿ, ಜೇಬಿನಿಂದ ಮುಂದಿನ ತಿಂಗಳ ನೋಟಿಸು ತೆಗೆದು ಅಲ್ಲೇ ರುಜು ಹಾಕಿ ಕೊಟ್ಟರು.

ಅಕ್ಕ ಒಂದು ಹಿಡಿ ಹಿಟ್ಟನ್ನು ನೀರಲ್ಲಿ ಕುದಿಸಿ ಅಂಟು ಮಾಡಿಕೊಂಡಳು. ಸಾಹೇಬರು ಕಾಗದದ ಮೇಲಿನ ಎರಡು ತುದಿ ಹಿಡಿದರು, ಅವಳು ಕೆಳಗಿನ ಎರಡು. ಸಾಲಿನಲ್ಲಿದ್ದವರು "ಸ್ವಲ್ಪ ಎಡಕ್ಕೆ" ಎಂದರು. ನೆಟ್ಟಗೆ ಕೂತಿತು.