ನಾನೊಬ್ಬಳೇ ಮಾಡಿದ್ದು

ನಮ್ಮ ಮಧುಗಿರಿ ಕಡೆ ತನ್ನನ್ನು ತಾನೇ ಹೊಗಳಿಕೊಳ್ಳುವವರಿಗೆ ಮರ್ಯಾದೆಯಿಲ್ಲ. ಗೌಡಗೆರೆಯ ನಮ್ಮ ಮಾವ ಪಡಸಾಲೆ ತುಂಬ ಕಡಲೆಕಾಯಿ ಮೂಟೆ ಪೇರಿಸಿಟ್ಟುಕೊಂಡು, "ಈ ಸಲ ಹೆಂಗೆ?" ಎಂದವರಿಗೆ "ಏನೋ ಬಿತ್ತನೆಗೆ ಆಗೋಷ್ಟು ಆಗೈತೆ" ಎನ್ನುತ್ತಾರೆ. ಕೇಳಿದವರೂ ಅದೇ ಮೂಟೆಯ ಮೇಲೆ ಕುಳಿತು "ಪಾಪ" ಎಂದು ತಲೆಯಾಡಿಸುತ್ತಾರೆ. ಇಂಥವರ ನಡುವೆ ಬೆಳೆದ ನನಗೆ ಒಂದು ಗಂಟೆ ಎಡೆಬಿಡದೆ ನನ್ನನ್ನೇ ಹೊಗಳಿಕೊಳ್ಳುವ ಪ್ರಸಂಗ ಬಂತು. ದೊಡ್ಡ ಕಂಪನಿಯ ಸಂದರ್ಶನ ಎಂದರೆ ಅದೇ.

ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಪುಟ್ಟ ಸಾಫ್ಟ್‌ವೇರ್ ಕಂಪನಿ ತಿಂಗಳ ಕೊನೆಗೆ ಬಾಗಿಲು ಹಾಕುವುದರಲ್ಲಿತ್ತು. ಊರು ಬಿಡದೆ ಮಾಡಬಹುದಾದ ಕೆಲಸ ಇನ್ನು ಈ ದೊಡ್ಡ ಕಂಪನಿಯದೊಂದೇ. ಅಲ್ಲಿಂದ ಫೋನ್ ಮಾಡಿದ ಹುಡುಗ, "ತಂಡ ಮಾಡಿತು ಅನ್ನಬೇಡಿ ಮೇಡಂ, ನೀವೇನು ಮಾಡಿದಿರಿ ಹೇಳಿ" ಎಂದು ಮೊದಲೇ ಎಚ್ಚರಿಸಿದ್ದ. ಯಾವ ದಿನ ಯಾರು ಏನು ಮಾಡಿದರು ಎಂದು ಬರೆದಿಡುವ ಚಟ ನನಗುಂಟು. ದಿನಚರಿಯನ್ನೆಲ್ಲ ಜಾಲಾಡಿದೆ. ಹೇಳಿಕೊಳ್ಳುವಂಥದ್ದು ಒಂದೇ ಸಿಕ್ಕಿತು: ಗ್ರಾಹಕರಿಂದ ಎರಡೆರಡು ಸಲ ಹಣ ಕಡಿತವಾಗುತ್ತಿದ್ದ ದೋಷವನ್ನು ಸರಿಪಡಿಸಿದ್ದು. ಆದರೆ ಅದನ್ನು ಹಿಡಿದವಳು ನನ್ನ ಸಹೋದ್ಯೋಗಿ, ಶಿರಾದ ನಸ್ರೀನ್. ದೂರುಗಳನ್ನು ದಿನಾಂಕದ ಪ್ರಕಾರ ಜೋಡಿಸಿಕೊಟ್ಟದ್ದಷ್ಟೇ ನಾನು.

"ಹೇಳ್ಕೊಳ್ಳೇ, ನಾನೇನು ಬಂದು ಸಾಕ್ಷಿ ಹೇಳ್ತೀನಾ?" ಎಂದು ನಸ್ರೀನಳೇ ಫೋನಿನಲ್ಲಿ ಅಭ್ಯಾಸ ಮಾಡಿಸಿದಳು. ನಾನು "ಆ ದೋಷವನ್ನು ನಾವು..." ಎಂದರೆ ಸಾಕು, "ನಿಂಗೆ ಕೆಲಸ ಬೇಕೋ, ಒಳ್ಳೆ ಹುಡುಗಿ ಅನ್ನೋ ಹೆಸರು ಬೇಕೋ?" ಎಂದು ಗದರುವಳು. ಕೊನೆಗೊಮ್ಮೆ ಧೈರ್ಯ ಮಾಡಿ ಕೂಗಿದೆ: "ಅದನ್ನ ಹಿಡಿದೋಳು ನಾನೊಬ್ಬಳೇ!"

ಅಡುಗೆಮನೆಯಲ್ಲಿ ತಟ್ಟೆ ಬಿತ್ತು. ಅಮ್ಮ ಬಾಗಿಲಿಗೆ ಬಂದಳು. "ಅಂಗೆಲ್ಲ ಹೇಳ್ಕಬಾರ್ದು ಕಣೆ, ಕಣ್ಣು ಬೀಳ್ತದೆ."

"ಕೆಲಸ ಸಿಗ್ಬೇಕು ಅಂದ್ರೆ ಹಂಗೇ ಹೇಳ್ಬೇಕಂತೆ ಕಣಮ್ಮ."

"ಹೇಳ್ಕ. ನನ್ನ ಜಾಗ್ರತೆ ನಾನು ಮಾಡ್ತೀನಿ."

ಮಂಗಳವಾರ ಸಂದರ್ಶನ. ಪರದೆಯ ಮೇಲೆ ನಡುವಯಸ್ಸಿನ ಗಂಭೀರ ಹೆಂಗಸು. ನಾನು ಇಂಗ್ಲಿಷಿನಲ್ಲಿ, ನನಗೇ ಗುರುತು ಸಿಗದ ದನಿಯಲ್ಲಿ, "ನಾನೊಬ್ಬಳೇ" ಶುರುಮಾಡಿದೆ. ಆಕೆಯ ನೋಟ ಮೆಲ್ಲಗೆ ನನ್ನ ತಲೆಯ ಮೇಲಕ್ಕೆ ಹೋಯಿತು. ಪರದೆಯ ಮೂಲೆಯಲ್ಲಿದ್ದ ನನ್ನ ಚಿತ್ರ ನೋಡಿಕೊಂಡೆ. ಉಪ್ಪು, ಮೆಣಸಿನಕಾಯಿ ಹಿಡಿದ ಮುಷ್ಟಿಯೊಂದು ನನ್ನ ತಲೆಗೆ ಪ್ರದಕ್ಷಿಣೆ ಹಾಕುತ್ತಿದೆ! ಯಾರಿಗೂ ಕಾಣಬಾರದೆಂದು ಅಮ್ಮ ಕುರ್ಚಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಕೈಯನ್ನು ಅಡಗಿಸುವುದು ಮಾತ್ರ ಮರೆತಿದ್ದಾಳೆ. ನಿವಾಳಿಸಿ, ಬಾಗಿಕೊಂಡೇ ಒಳಗೆ ಹೋಗಿ, ಎಲ್ಲವನ್ನೂ ಒಲೆಗೆ ಹಾಕಿದಳು. ಮನೆಯೆಲ್ಲ ಘಾಟು. ಕೆಮ್ಮಿ ಕೆಮ್ಮಿ ನನ್ನ ಕಣ್ಣಲ್ಲಿ ನೀರು.

ಬೆಂಕಿ ಬಿದ್ದಿದೆಯೇ ಎಂದು ಆಕೆ ಗಾಬರಿಯಾದರು. ಇಲ್ಲ, ನಾನು ನನ್ನನ್ನು ಹೊಗಳಿಕೊಂಡದ್ದಕ್ಕೆ ಅಮ್ಮ ದೃಷ್ಟಿ ತೆಗೆಯುತ್ತಿದ್ದಾಳೆ ಎಂದೆ. ನಿಜವನ್ನೇ ಹೇಳಿದರೂ ದೃಷ್ಟಿಯಾಗುತ್ತದೆಯೇ ಎಂದು ಕೇಳಿದರು. ಕೆಮ್ಮುವಾಗ ಸುಳ್ಳು ಹೇಳುವುದು ಬಲು ಕಷ್ಟ. "ಅದು ಪೂರ್ತಿ ನಿಜವಲ್ಲ" ಎಂದುಬಿಟ್ಟೆ. ನಸ್ರೀನಳದೆಷ್ಟು, ನನ್ನದೆಷ್ಟು, ಎಲ್ಲ ಹೇಳಿದೆ. ಆಕೆ ತಲೆ ತಗ್ಗಿಸಿ ಬಹಳ ಹೊತ್ತು ಏನೋ ಬರೆದುಕೊಂಡರು.

ಮುಗಿದ ಮೇಲೆ ನೋಡಿದರೆ ನನಗಿಂತ ಅಮ್ಮನ ಮುಖವೇ ಬಾಡಿತ್ತು. "ಎಷ್ಟು ಘಾಟು ಬಂತು ನೋಡು! ದೃಷ್ಟಿ ತಾಕಿದ್ರೆ ಘಾಟೇ ಬರ್ತಿರಲಿಲ್ಲ. ನೀನು ಹೇಳಿದ್ದನ್ನ ಆಯಮ್ಮ ಒಂಚೂರೂ ನಂಬಿಲ್ಲ ಬುಡು."

ಕೆಲಸವೇನೋ ಸಿಕ್ಕಿತು, ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಊರು ಬಿಡುವುದು ತಪ್ಪಿತೆಂದು ಹಿಗ್ಗುತ್ತಿರುವಾಗಲೇ ಅದೇ ಹುಡುಗ ಮತ್ತೆ ಫೋನ್ ಮಾಡಿ, ನಾನು ಕೇಳಿದ್ದ ಆ ಮೇಲಿನ ಹುದ್ದೆಗೆಂದು ನಸ್ರೀನಳ ನಂಬರ್ ಕೇಳಿದ. ಕೊಟ್ಟೆ.

ನಿನ್ನೆ ಅವಳಿಗೆ ನಾನೇ ಅಭ್ಯಾಸ ಮಾಡಿಸಿದೆ. "ಹಿಡಿದೋಳು ನಾನೊಬ್ಬಳೇ" ಎಂದು ಮೊದಲ ಸಲಕ್ಕೇ, ಒಂದಿಷ್ಟೂ ತಡವರಿಸದೆ ಹೇಳಿದಳು. ಅವಳ ಮಟ್ಟಿಗೆ ಅದು ನಿಜವೂ ಹೌದು. "ಹೆಂಗಿತ್ತೇ?" ಎಂದಳು.

"ತುಂಬ ಚೆನ್ನಾಗಿತ್ತು. ನಿಮ್ಮಮ್ಮಂಗೆ ಹೇಳಿ ಇವತ್ತೇ ನಜರ್ ತೆಗೆಸ್ಕೊ."

"ಇನ್ನೂ ಸಂದರ್ಶನನೇ ಆಗಿಲ್ಲ, ಈಗ್ಲೇ ಯಾರದೇ ನಜರ್?"

ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆ.